ನಾಲ್ಕು ಬೋಲ್ಟಿನ ಅಳತೆ

ಬೆಳಗಾವಿ
18-11-2000, ಶನಿವಾರ

ಪ್ರೀತಿಯ ಅಪ್ಪಾ,

ನಿಮ್ಮ ಮಗ ಬಾಳೇಶನ ನಮಸ್ಕಾರ. ಈ ಪತ್ರ ಓದಿ ಹೇಳುತ್ತಿರುವ ಗುರುಪುತ್ರಪ್ಪ ಕಾಕಾನಿಗೂ ನಮಸ್ಕಾರ. ಕಾಕಾ, ಕನ್ನಡಕ ಹಾಕಿಕೊಂಡು ಸಾವಕಾಶ ಓದ್ರಿ. ಹೋದ ಸಲದ ಹಾಗೆ ನಡುವಿನ ಸಾಲು ನುಂಗಿ "ಎಲ್ಲಾ ಆರಾಮ ಅಂತ" ಎಂದು ಮುಗಿಸಿಬಿಡಬೇಡ್ರಿ. ಅಪ್ಪಾ, ಮೊಣಕಾಲು ನೋವು ಹೇಗಿದೆ? ಗೋವಾದ ಸೆಕೆಗೆ ಮೈ ಒಗ್ಗಿತೋ ಇಲ್ಲವೋ? ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ. ಪಾರಿಶ್ವಾಡದಲ್ಲಿ ಅವ್ವ ಆರಾಮ ಇದ್ದಾಳೆ, ಹೋದ ರವಿವಾರ ಹೋಗಿ ಬಂದೆ. ಭತ್ತ ಕೊಯ್ದು ಒಕ್ಕುವುದೂ ಮುಗಿಯಿತು. ನಿಮಗೆಂದು ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಟ್ಟಿದ್ದಾಳೆ, ಅದರಲ್ಲಿ ಎರಡು ಚಮಚ ನಾನು ತಿಂದದ್ದಕ್ಕೆ ಈ ವಯಸ್ಸಿನಲ್ಲೂ ಬೈಸಿಕೊಂಡೆ. ಮಡಗಾಂವದ ಕಡೆಗೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತಾಳಂತೆ.

ಮೊನ್ನೆ ಗುರುಪುತ್ರಪ್ಪ ಕಾಕಾ ನಮ್ಮ ಎಂಜಿನಿಯರಿಂಗ್ ಕಾಲೇಜಿನ ವಿಭಾಗದ ಫೋನಿಗೆ ಫೋನು ಮಾಡಿದ್ದ. ನೀವು ಹೇಳಬೇಡ ಅಂದಿದ್ದಿರಂತೆ, ಆದರೂ ಹೇಳಿದ. "ನಿಮ್ಮಪ್ಪ ಗ್ವಾಡಿ ನೆಟ್ಟಗ ನೋಡೋ ಗುಂಡು-ದಾರಾ ಚೀಲದಾಗ ಕಟ್ಟಿ ಇಟ್ಟಾನ. ಗ್ವಾಡಿ ಮುಟ್ಟಾಂಗಿಲ್ಲ ಅಂತಾನ. ವಯಸ್ಸಾತು, ಕೈ ತಪ್ಪಾಕತ್ತೈತಿ ಅಂತ ಹೇಳಿ ಆಳುಗಳ ಜೋಡಿ ಮಾಲು ಕಲಸಾಕತ್ತಾನ" ಅಂದ. ಇಡೀ ಖಾನಾಪುರ ತಾಲೂಕಿನಲ್ಲಿ ಗೋಡೆ ನೆಟ್ಟಗಿರಬೇಕೆಂದರೆ ಕರೆಪ್ಪ ಗೌಂಡಿಯನ್ನು ಕರೆಯುವ ಕಾಲದಲ್ಲಿ ನಾನು ಬೆಳೆದವನು. ಸಿಮೆಂಟು ಕಲಸುವ ಕೆಲಸ ಕೀಳು ಅಂತಲ್ಲ ಅಪ್ಪಾ. ಆದರೆ ನಲವತ್ತು ವರ್ಷ ಕರಣಿ ಹಿಡಿದ ಕೈ ತನ್ನನ್ನೇ ನಂಬದೆ ಕೂತರೆ ನನಗೆ ಅನ್ನ ಇಳಿಯುವುದಿಲ್ಲ. ನೀವು ಸೆಪ್ಟೆಂಬರಿನಲ್ಲಿ ಇಲ್ಲಿ ಬಂದು ಯಂತ್ರಕ್ಕೆಂದು ಹಾಕಿಕೊಟ್ಟ ಬುನಾದಿಯ ಸುದ್ದಿ ಊರಿನಿಂದ ಅಲ್ಲಿಗೆ ಅರ್ಧ ಮಾತ್ರ ಬಂದಿದೆ. ಉಳಿದರ್ಧ ತಿಳಿಸಲಿಕ್ಕೇ ಈ ಪತ್ರ.

ಮೊದಲು ನಮ್ಮ ವಿಭಾಗ ಈಗ ಹೇಗಾಗಿದೆ ಅಂತ ಹೇಳುತ್ತೇನೆ. ನೀವು ಬಂದಾಗ ಬರೀ ಅಗೆದ ನೆಲ, ಒಡೆದ ಗೋಡೆ ನೋಡಿ "ಇದು ಸಾಲಿನೋ ಹಾಳ ವಾಡೇನೋ" ಅಂದಿದ್ದಿರಿ. ಈಗ ಬಂದರೆ ಗುರುತು ಹಿಡಿಯಲಾರಿರಿ. ಬೆಲ್ಟಿನ ಪಟ್ಟಾ ಮೇಲೆ ಓಡುತ್ತಿದ್ದ ಹಳೇ ಲೇಥುಗಳಲ್ಲಿ ಎರಡನ್ನಷ್ಟೇ ಇಟ್ಟುಕೊಂಡಿದ್ದೇವೆ, ಹುಡುಗರು ಕೈಯಿಂದ ಕಲಿಯಲಿ ಅಂತ. ಉಳಿದ ಜಾಗದಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ ಬಂದಿದೆ. ಪಕ್ಕದ ಕೋಣೆಯಲ್ಲಿ ಹನ್ನೆರಡು ಕಂಪ್ಯೂಟರ್, ಅವುಗಳಿಗೆ ಬಟ್ಟೆಯ ಮುಸುಕು, ಹೊರಗೆ ಚಪ್ಪಲಿಯ ರಾಶಿ. ಒಳಗೆ ಹೋಗುವವರು ಗುಡಿಗೆ ಹೋದ ಹಾಗೆ ಕೈಕಾಲು ಮುದುಡಿಕೊಂಡು ಹೋಗುತ್ತಾರೆ. ಇಬ್ಬರು ಮಾಸ್ತರರು ಡಾಕ್ಟರೇಟ್ ಸಂಶೋಧನೆಗೆ ಇಲ್ಲೇ ಕೂತಿದ್ದಾರೆ, ಮೊದಲು ಅವರು ಅದಕ್ಕೆಂದು ಮುಂಬಯಿಗೆ ಅಲೆಯುತ್ತಿದ್ದರು.

ಇದೆಲ್ಲ ನಮ್ಮ ವಿಭಾಗದ ಮುಖ್ಯಸ್ಥೆ ಗಂಗಾದೇವಿ ಮೇಡಂ ಅವರ ಹಟ. ನೀವು ಅವರನ್ನು ನೋಡಿದ್ದೀರಿ, ನೀವು ಕಾಂಕ್ರೀಟು ಹಾಕುವಾಗ ಬಿಸಿಲಲ್ಲಿ ನಿಂತು "ನೀರು ಹೆಚ್ಚಾಗಬಾರದ್ರಿ" ಅಂದವರು. ನೀವು ತಿರುಗಿ "ಅಕ್ಕಾರ, ನೀರಿನ ಕಾಳಜಿ ನನಗ ಬಿಡ್ರಿ" ಅಂದಿರಿ, ನಾನು ಅಲ್ಲೇ ನೆಲಕ್ಕಿಳಿದು ಹೋಗಿದ್ದೆ. ಅವರು ಮಾತ್ರ ನಕ್ಕು ಚಹಾ ತರಿಸಿದರು. ಯಂತ್ರ ತರಿಸುವುದು ದೊಡ್ಡದಲ್ಲ, ಅದರ ಮೇಲಿನ ಮುಸುಕು ತೆಗೆದು ಹುಡುಗರ ಕೈಗೆ ಕೊಡುವುದು ದೊಡ್ಡದು ಅಂತ ಅವರು ಯಾವಾಗಲೂ ಹೇಳುತ್ತಾರೆ. ಹೇಳಿದಂತೆ ಮಾಡುತ್ತಾರೆ ಕೂಡ.

ಇನ್ನು ನಿಮ್ಮ ಬುನಾದಿಯ ಮಾತು. ದೀಪಾವಳಿ ಮುಗಿದ ವಾರಕ್ಕೆ ಪುಣೆಯಿಂದ ಯಂತ್ರ ಬಂತು. ಕಬ್ಬಿಣದ ಸರಳನ್ನು ಎರಡೂ ಕಡೆ ಹಿಡಿದು ಎಳೆದು, ಎಷ್ಟು ಬಲಕ್ಕೆ ತುಂಡಾಗುತ್ತದೆ ಅಂತ ಹೇಳುವ ಯಂತ್ರ. ಕ್ರೇನಿನಿಂದ ಎತ್ತಿ ಸಾವಕಾಶ ಇಳಿಸಿದೆವು. ಯಂತ್ರದ ಬುಡದಲ್ಲಿರುವ ನಾಲ್ಕು ತೂತಿನೊಳಗೆ ನೀವು ಕಾಂಕ್ರೀಟಿನಲ್ಲಿ ನಿಲ್ಲಿಸಿದ ನಾಲ್ಕು ಬೋಲ್ಟು ಹೋಗಬೇಕಿತ್ತು. ಒಂದೂ ಹೋಗಲಿಲ್ಲ. ಪುಣೆಯಿಂದ ಬಂದಿದ್ದ ಎಂಜಿನಿಯರು, ಇದು ಯಾವ ಗೌಂಡಿಯ ಕೆಲಸ, ಒಡೆಸಿ ಹೊಸದು ಹಾಕಿಸಿ ಅಂದ. ಅಲ್ಲಿ ಕೂಡಿದವರೆಲ್ಲ ಹೌದು ಹೌದು, ಗೌಂಡಿ ತಪ್ಪಿದ್ದಾನೆ ಅಂದರು. ಊರಿಗೆ ಮುಟ್ಟಿದ್ದು ಆ ಮಾತು. ಒಡೆಯಲು ಬಂದವರು ಒಪ್ಪತ್ತು ಸುತ್ತಿಗೆ ಹಾಕಿದರು, ಅವರ ಚಾಣ ಮೊಂಡಾಯಿತೇ ಹೊರತು ನಿಮ್ಮ ಕಾಂಕ್ರೀಟು ಹಿಡಿ ತುಂಬುವಷ್ಟೂ ಉದುರಲಿಲ್ಲ. ಕಾಕಾ, ಈ ಸಾಲನ್ನು ಎರಡು ಸಲ ಓದ್ರಿ.

ಆಗ ಮೇಡಂ ಒಡೆಯುವುದನ್ನು ನಿಲ್ಲಿಸಿ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತು ಅಳೆದರು. ಟೇಪಿನ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಉದ್ದದಲ್ಲಿ ಬೋಲ್ಟಿನಿಂದ ಬೋಲ್ಟಿಗೆ ನೂರಾ ಇಪ್ಪತ್ತು ಸೆಂಟಿಮೀಟರ್ ಇರಬೇಕಿತ್ತು, ಏಳು ಹೆಚ್ಚಿತ್ತು. ಅಗಲದಲ್ಲಿ ಅರವತ್ತು ಇರಬೇಕಿತ್ತು, ಮೂರೂವರೆ ಹೆಚ್ಚಿತ್ತು. ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕಡೆ ಒಂದೇ, ಕೂದಲೆಳೆಯ ಫರಕಿಲ್ಲ. ಮೇಡಂ ಎದ್ದು ಎಲ್ಲರನ್ನೂ ಕರೆದರು. "ಕೈ ತಪ್ಪಿದ್ರ ಒಂದು ಬೋಲ್ಟ ಆ ಕಡೆ, ಒಂದು ಈ ಕಡೆ ಹೋಗತಿತ್ತು. ಇಲ್ಲಿ ಅರ್ಧ ಅಳತೀಗೆ ಅರ್ಧ ತಪ್ಪೈತಿ, ಪೂರಾ ಅಳತೀಗೆ ಪೂರಾ. ಗೌಂಡಿ ತಪ್ಪಿಲ್ಲ, ಅವರಿಗೆ ಕೊಟ್ಟ ಅಳತೀನ ತಪ್ಪೈತಿ. ಇಷ್ಟು ನೀಟ ಕೆಲಸಾ ನಮ್ಮ ಹುಡುಗೂರಿಗೆ ತೋರಸ್ರಿ" ಅಂದರು. ಮರುದಿನ ಖರೇನೇ ಒಂದು ಕ್ಲಾಸು ಹುಡುಗರನ್ನು ಕರೆತಂದು ನಿಮ್ಮ ಬುನಾದಿಯ ಸುತ್ತ ನಿಲ್ಲಿಸಿ ಪಾಠ ಮಾಡಿದರು. ನನಗೆ ಕಣ್ಣು ತುಂಬಿ ಬಂತು, ಅದಕ್ಕೆ ಬರೀ ಸಂತೋಷ ಕಾರಣ ಅಂತ ಹೇಳಲಾರೆ.

ಒಡೆಯುವ ಬದಲು ಮೇಡಂ ಇನ್ನೊಂದು ದಾರಿ ಹುಡುಕಿದರು. ಇಲ್ಲೇ ಹತ್ತಿರದ ಮಚ್ಛೆ ಊರಿನ ಕಾರ್ಖಾನೆಯೊಂದರಲ್ಲಿ ದಪ್ಪ ಕಬ್ಬಿಣದ ತಗಡು ಕೊರೆಸಿದೆವು. ಅದರ ಹೊರಗಿನ ನಾಲ್ಕು ತೂತು ನಿಮ್ಮ ಬೋಲ್ಟಿಗೆ, ಒಳಗಿನ ನಾಲ್ಕು ಯಂತ್ರಕ್ಕೆ. ನಿಮ್ಮ ನಾಲ್ಕೂ ಬೋಲ್ಟು ಒಂದೇ ಸಲಕ್ಕೆ ಅದರೊಳಗೆ ಹೊಕ್ಕವು. ತಗಡಿನ ಮೇಲೆ ಯಂತ್ರ ಕೂತಿತು, ಮಟ್ಟಗೋಲು ಇಟ್ಟರೆ ಗುಳ್ಳೆ ನಟ್ಟನಡುವೆ. ಕಾಯಿ ಒಡೆದು, ಲಿಂಬೆಹಣ್ಣು ಇಟ್ಟು ಶುರುಮಾಡಿದೆವು. ಮೊದಲನೆಯ ಸರಳು ಸಣ್ಣಗಾಗುತ್ತ ಸಣ್ಣಗಾಗುತ್ತ ಫಟ್ ಅಂತ ತುಂಡಾದಾಗ ಹುಡುಗರು ಸಿಳ್ಳೆ ಹೊಡೆದರು, ಕಂಪ್ಯೂಟರಿನ ಪರದೆಯ ಮೇಲೆ ಗೆರೆ ತಾನೇ ಏರಿ ತಾನೇ ಇಳಿಯಿತು. ಈಗ ಮಚ್ಛೆಯ ಎರಕದ ಕಾರ್ಖಾನೆಯವರೂ ತಮ್ಮ ತುಂಡು ಹಿಡಿದುಕೊಂಡು ಪರೀಕ್ಷೆಗೆ ನಮ್ಮಲ್ಲಿಗೇ ಬರುತ್ತಿದ್ದಾರೆ.

ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು ಯಂತ್ರ ಬರುತ್ತದೆ. ಲೋಹವನ್ನು ಲಕ್ಷ ಸಲ ಬಾಗಿಸಿ ಬಿಟ್ಟು ಯಾವಾಗ ದಣಿಯುತ್ತದೆ ಅಂತ ನೋಡುವಂಥದ್ದು. ಅದು ಅದುರುವ ರಭಸಕ್ಕೆ ಬುನಾದಿ ಗಟ್ಟಿ ಇರಲೇಬೇಕು. ಮೇಡಂ ಹೇಳಿಬಿಟ್ಟಿದ್ದಾರೆ, "ಅದ ಗೌಂಡಿ ಬರಬೇಕು, ಬ್ಯಾರೆಯವರು ಬ್ಯಾಡ." ಡಿಸೆಂಬರ್ ಮೊದಲ ವಾರ ಬಂದುಬಿಡಿ. ಗುಂಡು-ದಾರ ಚೀಲದಿಂದ ತೆಗೆಯಿರಿ. ಕಾಕಾನ ಮೈ ಕಾಳಜಿಯೂ ನಿಮ್ಮದೇ, ಬಿಸಿಲಲ್ಲಿ ತಲೆಗೆ ಟಾವೆಲ್ಲು ಸುತ್ತಿಕೊಳ್ಳಲು ಹೇಳಿ. ಅಲ್ಲಿರುವ ನಮ್ಮ ಊರಿನ ಹಿರಿಯರಿಗೆಲ್ಲ ನನ್ನ ಶರಣು, ನಿಮ್ಮ ಪಾದಕ್ಕೆ ಹಣೆ ಹಚ್ಚಿ,

ನಿಮ್ಮ ಮಗ
ಬಾಳೇಶ

ತಾ.ಕ.: ಪತ್ರ ಹಾಕಲು ಟಪಾಲು ಡಬ್ಬಿಯ ತನಕ ಹೋಗಿ ತಿರುಗಿ ಬಂದೆ. ಅಪ್ಪಾ, ನಕ್ಷೆಯಲ್ಲಿ ಅಳತೆ ಮಿಲಿಮೀಟರಿನಲ್ಲಿತ್ತು. ನಿಮಗೆ ಇಂಚು, ಸೂತಿನಲ್ಲಿ ಬೇಕು ಅಂತ ಚೀಟಿ ಬರೆದುಕೊಟ್ಟವನು ನಾನು. ಮೂರು ಮಿಲಿಮೀಟರಿಗೆ ಒಂದು ಸೂತು ಅಂತ ಎಲ್ಲ ವರ್ಕ್‌ಶಾಪಿನಲ್ಲೂ ಅನ್ನುವ ಹಾಗೆ ನಾನೂ ಅಂದುಕೊಂಡು ಮೂರರಿಂದ ಭಾಗಿಸಿದೆ. ಸೂತು ಅಂದರೆ ಇಂಚಿನ ಎಂಟನೆಯ ಒಂದು ಪಾಲು, ಮೂರು ಮಿಲಿಮೀಟರಿಗಿಂತ ಚೂರು ಹೆಚ್ಚು. ನಾಲ್ಕು ನೂರು ಸೂತಿಗೆ ಆ ಚೂರೇ ಏಳು ಸೆಂಟಿಮೀಟರ್ ಆಯಿತು. ಕಲಿತ ಮಗನ ಲೆಕ್ಕ ತಪ್ಪುವುದಿಲ್ಲ ಅಂತ ನೀವು ಚೀಟಿಯ ಸುದ್ದಿಯನ್ನೇ ಯಾರ ಮುಂದೂ ಎತ್ತಲಿಲ್ಲ, ನಿಮ್ಮ ಕೈಯನ್ನೇ ಅನುಮಾನಿಸಿದಿರಿ. ನಾನು ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ಈಗ ಮೇಡಂಗೆ ಹೇಳಿ ಬಂದೆ. "ನನಗ ಹೇಳಿದ್ರ ಏನಾತು? ಅವರ ಹೆಸರು ಯಾರ ಮುಂದ ಕೆಟ್ಟೈತಿ, ಅವರ ಮುಂದ ಹೇಳ್ರಿ" ಅಂದರು. ಗುರುಪುತ್ರಪ್ಪ ಕಾಕಾ, ಅದಕ್ಕೇ ಕೇಳಿಕೊಳ್ಳುತ್ತೇನೆ. ಎಲ್ಲರೂ ಊಟಕ್ಕೆ ಕೂತಾಗ ಎದ್ದು ನಿಂತು ಇಷ್ಟನ್ನು ದೊಡ್ಡ ದನಿಯಲ್ಲಿ ಓದ್ರಿ: ತಪ್ಪಿದವನು ಕರೆಪ್ಪ ಅಲ್ಲ, ಅವನ ಮಗ ಬಾಳೇಶ. ಯಾರಿಗಾದರೂ ಕೇಳಿಸಲಿಲ್ಲ ಅಂದರೆ ಇನ್ನೊಮ್ಮೆ ಓದ್ರಿ.