ಭಾಷಣ ಬರೆಯುವವನ ಕಡತ

೧೪ ಮಾರ್ಚ್, ಗುರುವಾರ

ಇವತ್ತು ಅವನ ಕಡತದಲ್ಲಿ ‘ಅವಕಾಶವಿಲ್ಲ’ ಎಂದು ಬರೆದೆ. ಸಚಿವರಿಗೆ ಭಾಷಣ ಬರೆದುಕೊಡಲು ಬಂದವನು, ನಾಲ್ಕು ವರ್ಷ ನನ್ನ ಪಕ್ಕದ ಕೋಣೆಯಲ್ಲೇ ಇದ್ದ. ಸಚಿವರ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ಅಷ್ಟರೊಳಗೆ ಅವನನ್ನು ಕಾಯಂ ಮಾಡಿ ಎಂದು ಮೇಲಿನಿಂದ ಚೀಟಿ ಬಂದಿತ್ತು. ಸಚಿವರು ಕರೆತಂದವರೂ ಎಲ್ಲರಂತೆ ಪರೀಕ್ಷೆ ಬರೆದೇ ಕಾಯಂ ಆಗಬೇಕು. ನಿಯಮ ಸರಿಯಾಗಿಯೇ ಇದೆ. ಆದರೆ ನಾನು ಜ್ವರದಲ್ಲಿ ಮಲಗಿದ್ದಾಗ ನನ್ನ ವರದಿಯನ್ನೆಲ್ಲ ಟೈಪ್ ಮಾಡಿಕೊಟ್ಟವನು ಅವನು.

ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ನಾನೇ ಕರೆದು ತೋರಿಸಿದೆ. ನಿಧಾನವಾಗಿ ಓದಿದ. ಪೆನ್ಸಿಲ್ ತೆಗೆದುಕೊಂಡು ಒಂದು ಒತ್ತಕ್ಷರ ತಿದ್ದಿದ.

“ಬೇಜಾರಾಯ್ತೇನೋ?” ಎಂದೆ.

“ಆಯ್ತು ಅಕ್ಕ. ನಿಮ್ಮ ಜಾಗದಲ್ಲಿ ನಾನಿದ್ರೂ ಇದನ್ನೇ ಬರೀತಿದ್ದೆ. ಇನ್ನೂ ಸ್ವಲ್ಪ ಚೆನ್ನಾಗಿ ಬರೀತಿದ್ದೆ ಅನ್ನಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಎದ್ದು ಬಾಗಿಲವರೆಗೆ ಹೋಗಿ ನಿಂತ. “ಪರೀಕ್ಷೆ ಯಾವಾಗ? ಲೆಕ್ಕ ಅಂತೂ ನನ್ನ ತಲೆಗೆ ಹತ್ತೋದಿಲ್ಲ.”

ಭಾನುವಾರ ಮನೆಗೆ ಬಾ, ಹೇಳಿಕೊಡುತ್ತೇನೆ ಎಂದುಬಿಟ್ಟೆ. ನನಗೇ ಭಿನ್ನರಾಶಿ ಮರೆತು ಎಷ್ಟು ವರ್ಷವಾಯಿತೋ. ಮಗಳ ಹಳೆಯ ಪುಸ್ತಕ ಅಟ್ಟದ ಮೇಲೆ ಎಲ್ಲೋ ಇರಬೇಕು. ನಾಳೆ ಏಣಿ ಹಾಕಿ ಅದನ್ನು ಇಳಿಸಿ, ಮೊದಲ ಪಾಠದಿಂದಲೇ ನಾನೊಮ್ಮೆ ಓದಿಕೊಳ್ಳಬೇಕು.