ಸುಮ್ಮನೆ ಕೂರಬೇಡಿ ಎಂದು ಬರೆದವಳು

ಜುಲೈ 2
ಅಂಗಡಿಯಲ್ಲಿ ಹನ್ನೊಂದು ಫೋನ್ ಮಾರಾಟವಾದವು. ಹನ್ನೊಂದು ಸೋಶಿಯಲ್ ಮೀಡಿಯಾ ಅಕೌಂಟ್ ಮಾಡಿಕೊಟ್ಟೆ. ಯಾಂಗೋನಿನಿಂದ ದೂರದ ನಮ್ಮೂರಲ್ಲಿ ಫೋನ್ ಕೊಂಡವರು ಅದನ್ನೂ ಅಂಗಡಿಯವರ ಕೈಯಲ್ಲೇ ಮಾಡಿಸುತ್ತಾರೆ. ಮಾಲೀಕ ಕೋ ಪ್ಯೋನ್‌ನ 'ಊರ ಸುದ್ದಿ' ಪುಟಕ್ಕೂ ಸೇರಿಸಿಬಿಡುತ್ತೇನೆ, ಕೇಳದೆ. ಅದರಲ್ಲಿ ಬರೆಯುವವಳು ನಾನೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ನಾಲ್ಕು ಸಾವಿರ ಜನ ಓದುತ್ತಾರೆ.

ಜುಲೈ 3, ಮಧ್ಯಾಹ್ನ
ಕೋ ಪ್ಯೋನ್ ಚೀಟಿ ಕೊಟ್ಟ. ಚಹಾ ಅಂಗಡಿಯ ಊ ಖಿನ್ ಜೋ, ಮುಸ್ಲಿಂ, ಬೌದ್ಧ ಹುಡುಗಿಯೊಬ್ಬಳನ್ನು ಕೆಡಿಸಿದನಂತೆ.
"ಯಾವ ಹುಡುಗಿ ಅಣ್ಣಾ?"
"ಹಾಕೇ ಸುಮ್ನೆ. ಪತ್ತೇದಾರಿ ಮಾಡು ಅಂತ ಇಟ್ಕೊಂಡಿದೀನಾ ನಿನ್ನ?"
ಹಾಕಿದೆ. ಕೊನೆಗೆ 'ಸುಮ್ಮನೆ ಕೂರಬೇಡಿ' — ಅದು ನನ್ನದೇ. ಯಾರೂ ಹೇಳಿರಲಿಲ್ಲ.

ಜುಲೈ 6
ಊರ ಜನ ಗುಂಪು ಕಟ್ಟಿ ಚಹಾ ಅಂಗಡಿ ಸುಟ್ಟರು. ಊ ಖಿನ್ ಜೋ ಸತ್ತ.
ಅಂಥ ಹುಡುಗಿಯೇ ಇರಲಿಲ್ಲ ಎಂದು ಈಗ ಗೊತ್ತಾಯಿತು. ಪೋಸ್ಟ್ ಅಳಿಸಿದೆ. ಆದರೆ ಎಲ್ಲರ ಫೋನಲ್ಲೂ ಇದೆ. ಮೋಹಿಂಗಾ, ಅಂದರೆ ಮೀನಿನ ನೂಡಲ್ ಸೂಪ್, ಮಾರುವ ಡೋ ಥಾನ್‌ಗೆ ಹೇಳಿದೆ, ಅದು ಸುಳ್ಳು, ಬರೆದವಳು ನಾನು.
"ಹೋಗೇ ಹುಚ್ಚಿ. ಫೋನಲ್ಲೇ ಬಂದಿದೆ. ಸೂಪ್ ಆರೋಗ್ತದೆ, ತಿನ್ನು."

ಜುಲೈ 19
ಗಲಾಟೆಯ ವಿಷಯ ವಿಚಾರಿಸಲು ಯಾಂಗೋನಿನಿಂದ ವಕೀಲೆ ಬಂದಿದ್ದಳು. ಯಾವ ಮಾತು ಅಭಿಪ್ರಾಯ, ಯಾವುದು ಪ್ರಚೋದನೆ — ಅಳೆಯಲು ವಿಶ್ವಸಂಸ್ಥೆಯವರ ಪಟ್ಟಿ ಇದೆಯಂತೆ. ಹೇಳಿದವರು ಯಾರು, ಎಷ್ಟು ಜನಕ್ಕೆ ಮುಟ್ಟಿತು, ಉದ್ದೇಶ ಏನು.
"ಹೊಡೀಲಿ ಅಂತ ಬರೆದ್ಯಾ?"
"ಇಲ್ಲ. ಕೇಳೋಕೆ ಚೆನ್ನಾಗಿತ್ತು."
ಅವಳ ಪೆನ್ನು ನಿಂತಿತು. ಆ ಉತ್ತರಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲವೇನೋ.

ಜುಲೈ 21
ಠಾಣೆಗೆ ಹೋದೆ. ಬರೆದವಳು ನಾನೇ, ಹಿಡಿಯಿರಿ ಎಂದೆ.
"ನಿನ್ನ ಹಿಡಿದ್ರೆ ಓದಿದವ್ರನ್ನೂ ಹಿಡೀಬೇಕಲ್ಲಮ್ಮ. ನನ್ನ ಹೆಂಡ್ತೀನೂ ಓದಿದಾಳೆ. ನಡಿ ಮನೆಗೆ."

ಆಗಸ್ಟ್ 14
ಹಿಡಿದರು. ಸತ್ತವನ ಮಗಳು ಮಾ ಯದನಾಳನ್ನು. 'ನನ್ನ ಅಪ್ಪನನ್ನು ಕೊಂದು ಧರ್ಮದ ಹೆಸರು ಹೇಳಬೇಡಿ' ಎಂದು ಬರೆದಿದ್ದಳು. ಧರ್ಮಕ್ಕೆ ಅವಮಾನವಂತೆ. ಎರಡು ವರ್ಷ ಜೈಲು ಆಗಬಹುದು.
ನಾನು ಸಾಕ್ಷಿ. ಅವಳ ಅಕೌಂಟ್ ಮಾಡಿಕೊಟ್ಟವಳು ನಾನಲ್ಲವೇ.

ಸೆಪ್ಟೆಂಬರ್ 9, ಸಂಜೆ
ಕೋರ್ಟ್. ಸರ್ಕಾರಿ ವಕೀಲ ಕೇಳಿದ.
"ಈ ಅಕೌಂಟ್ ಇವಳದ್ದೇನಾ?"
"ಮೊದಲ ಪೋಸ್ಟ್ ನಂದು ಸಾರ್, ಅದಕ್ಕೇ ಅವಳು—"
"ಅದು ಈ ಕೇಸಲ್ಲಿಲ್ಲ. ಹೌದಾ, ಅಲ್ವಾ?"
ಯದನಾ ನನ್ನನ್ನೇ ನೋಡುತ್ತಿದ್ದಳು. ಅಲ್ಲ ಎಂದರೆ ಅವಳು ಮನೆಗೆ ಹೋಗುತ್ತಿದ್ದಳೇನೋ. ಇನ್ನೊಂದು ಸುಳ್ಳು ನನ್ನ ಬಾಯಿಂದ ಬೇಡ ಎಂದುಕೊಂಡಿದ್ದೆ. ಹೌದು ಎಂದೆ. ಅವಳು ತಲೆ ತಗ್ಗಿಸಿ ಪೊಲೀಸರ ಜೊತೆ ಹೊರಟಳು. ನಾನು ಮನೆಗೆ ಬಂದೆ.