ಕೈಲಾಸನಿಗೆ ಬಾರದ ನೋಟಿಸು

ಜೂನ್ 14, ಶನಿವಾರ.

ಬನಶಂಕರಿಯಲ್ಲಿ ಕೆಂಪು ದೀಪ ದಾಟಿದೆನೆಂದು ನನಗೆ ನೋಟಿಸು! ನನ್ನ ಮುಂದೆಯೇ ಸ್ಕೂಟರಿನಲ್ಲಿ ಹೋದ ಕೈಲಾಸನಿಗೆ ಇಲ್ಲ! ನಮ್ಮ ನಾಟಕದಲ್ಲಿ ರಾಜನ ಪಾತ್ರ ಕಿತ್ತುಕೊಂಡದ್ದು ಸಾಲದೆ, ಇಲ್ಲೂ ಅವನೇ ಗೆಲ್ಲಬೇಕೆ? ಸಂಚಾರ ಠಾಣೆಗೇ ನುಗ್ಗಿದೆ.

“ನನ್ ತಪ್ಪು ಇರ್ಲಿ ಸಾರ್. ಅವನಿಗ್ಯಾಕಿಲ್ಲ?”

ನನ್ನ ಕಂಠಕ್ಕೆ ಫೈಲುಗಳೇ ನಡುಗಿದವು.

“ಮೆತ್ತಗೆ ಅಂಕಲ್, ಇದು ಸ್ಟೇಜಲ್ಲ,” ಎಂದು ಎಸ್‌ಐ ಕ್ಯಾಮೆರಾದ ವಿಡಿಯೊ ಹಾಕಿದರು. “ನೋಡಿ, ಹಳದಿ ಇದ್ದಾಗ್ಲೇ ಅವ್ರು ಬಿಳಿ ಗೆರೆ ದಾಟಿದಾರೆ. ಕೆಂಪು ಬಿದ್ದಾಗ ನೀವಿನ್ನೂ ಗೆರೆಯಿಂದ ಈಚೆಗಿದ್ರಿ. ಆಮೇಲೆ ನುಗ್ಗಿದ್ರಿ. ಈಚೆಗೊಂದು ಫೋಟೊ, ಆಚೆಗೊಂದು ಫೋಟೊ. ಇನ್ನೇನ್ ಬೇಕು?”

ಅವನಿಗಿಂತ ಮೊದಲು ತಾಲೀಮಿಗೆ ಮುಟ್ಟಬೇಕೆಂದು ನುಗ್ಗಿದ್ದೆ. ನಿಜ. ಒಪ್ಪಿಕೊಂಡೆ.

ಆದರೆ ವಿಡಿಯೊ ಮುಗಿದಿರಲಿಲ್ಲ. ಆಚೆ ಬದಿಯಲ್ಲಿ ಕೈಲಾಸ ಗಾಡಿ ನಿಧಾನ ಮಾಡಿ, ಹಿಂದೆ ತಿರುಗಿ, ‘ನಿಲ್ಲು, ನಿಲ್ಲು’ ಎಂದು ನನಗೆ ಕೈ ಅಡ್ಡ ಹಿಡಿಯುತ್ತಿದ್ದಾನೆ. ನಾನು ಅವನ ಮುಖವನ್ನೂ ನೋಡದೆ ಹಾದುಹೋಗುತ್ತಿದ್ದೇನೆ.

ಎಲಾ ಕೈಲಾಸ! ನಿನಗೆ ಸಿಗುವ ಚಪ್ಪಾಳೆಯನ್ನಾದರೂ ಹಲ್ಲು ಕಚ್ಚಿ ಸಹಿಸುತ್ತಿದ್ದೆ. ಈ ಒಳ್ಳೆಯತನವನ್ನು ಹೇಗೆ ಸಹಿಸಲಿ? ನಿನ್ನ ಜಾಗದಲ್ಲಿ ನಾನಿದ್ದಿದ್ದರೆ, ‘ಬಾ, ಬಾ’ ಎಂದು ಕೈ ಬೀಸಿ...